ಸರಕಾರಿ ನೌಕರಿಯೂ ಪೋಲೀಸರ ವರದಿಯೂ

ಕೆಲವು ದಿನಗಳ ಹಿಂದೆ ನವಲಗುಂದದ ಕಡೆಯ ತರುಣನೊಬ್ಬನು ನಮ್ಮ ಕಚೇರಿಗೆ ಬಂದು, ಕೈಯಲ್ಲಿದ್ದ ಒಂದು ಛಾಪಿಸಿದ ನಮೂನೆಯನ್ನು ನಮ್ಮ ಮುಂದಿಟ್ಟು, "ರಾಯರೇ, ಈ ಕಲಮಿಗೆ ಏನು ಬರೆಯಲಿ?" ಎಂದು ಕೇಳಿದನು. ಆತನು ಕೇಂದ್ರ ಸರಕಾರದ ಒಂದು ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾನೆ. ದೇಹಪರೀಕ್ಷೆಯೂ ಮುಗಿದಿದೆ. ಉಳಿದಿರುವುದು ನಡತೆಯ ಪರೀಕ್ಷೆಯೊಂದೇ. ನಮೂನೆಯು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇತ್ತು. ಕನ್ನಡದ ಒಂದಕ್ಷರವೂ ಅದರಲ್ಲಿರಲಿಲ್ಲ.

ಆ ಕಲಮಿನ ಪ್ರಶ್ನೆಗಳನ್ನು ವಾಚಕರು ತಿಳಿಯುವುದು ಒಳ್ಳೆಯದು. ನಿಮ್ಮನ್ನು ಎಂದಾದರೂ ದಸ್ತಗಿರಿ ಮಾಡಿದ್ದುಂಟೆ? ನಿಮ್ಮ ಮೇಲೆ ಖಟ್ಲೆ ನಡೆದದ್ದುಂಟೆ? ಸ್ಥಾನಬದ್ಧತೆಯಲ್ಲಿಟ್ಟದ್ದುಂಟೆ? ಮುಚ್ಚಳಿಕೆ ಬರೆಯಿಸಿಕೊಂಡದ್ದುಂಟೆ? ದಂಡ ವಿಧಿಸಿದ್ದುಂಟೆ? ಶಿಕ್ಷೆಯಾದದ್ದುಂಟೆ? ಇವೆಲ್ಲವೂ ಒಂದೇ ಉಸಿರಿನ ಪ್ರಶ್ನೆಗಳು. ನಮೂನೆಯ ನೆತ್ತಿಯ ಮೇಲೆ, ಸುಳ್ಳು ಬರೆದರೆ ಅಥವಾ ಸಂಗತಿಯನ್ನು ಮುಚ್ಚಿಟ್ಟರೆ ನೌಕರಿಗೆ ಅನರ್ಹರಾಗುವಿರೆಂಬ ಎಚ್ಚರಿಕೆಯೂ ಇದೆ. ಕೊಲೆಗಾರನಿಗೂ, ಊರ ಜಗಳದಲ್ಲಿ ಅಣ್ಣನ ಪಕ್ಕದಲ್ಲಿ ನಿಂತದ್ದಕ್ಕೆ ಫಿರ್ಯಾದಿನಲ್ಲಿ ಹೆಸರು ಸೇರಿದವನಿಗೂ ಉತ್ತರ ಬರೆಯಲು ಇರುವ ಜಾಗ ಒಂದೇ.

ನಮ್ಮ ತರುಣನ ಸಂಗತಿ ಇಷ್ಟೆ. 2016ರ ಜುಲೈ ತಿಂಗಳಲ್ಲಿ ಮಹಾದಾಯಿ ನ್ಯಾಯಮಂಡಳಿಯು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ನರಗುಂದಗಳ ರೈತರು ಕೆರಳಿ ಬೀದಿಗಿಳಿದರು. ಯಮನೂರಿನಲ್ಲಿ ಪೋಲೀಸರ ಲಾಠಿಗಳು ಹೇಗೆ ಓಡಾಡಿದುವೆಂಬುದನ್ನು ಈ ನಾಡು ಮರೆತಿಲ್ಲ. ಆಗ ಕಾಲೇಜಿನಲ್ಲಿ ಓದುತ್ತಿದ್ದ ಈತನೂ ಗುಂಪಿನಲ್ಲಿದ್ದನು, ಘೋಷಣೆ ಕೂಗಿದನು, ಹಿಡಿಯಲ್ಪಟ್ಟನು. ಅಕ್ರಮಕೂಟ ಮತ್ತು ದೊಂಬಿಯ ಕಲಮುಗಳ ಮೇಲೆ ಖಟ್ಲೆಯಾಗಿ ಕೊನೆಗೆ ಖುಲಾಸೆಯಾಯಿತು. ಕುಡಿಯುವ ನೀರು ಬೇಕೆಂದು ಕೂಗಿದ್ದು ಈಗ ಅವನ ಪೂರ್ವಚರಿತ್ರೆಯಾಗಿ ನಿಂತಿದೆ.

ನೌಕರಿಗೆ ಸೇರುವವರ ನಡತೆಯನ್ನು ಸರಕಾರವು ವಿಚಾರಿಸಲೇಬಾರದೆಂದು ನಾವು ಹೇಳುವವರಲ್ಲ. ಬಂದೂಕನ್ನೂ ಲಾಠಿಯನ್ನೂ ಯಾರ ಕೈಗೆ ಕೊಡುತ್ತೇವೆಂಬುದನ್ನು ನೋಡಿಯೇ ಕೊಡತಕ್ಕದ್ದು. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಮ್ಮ ಜನರು ಬೇಕಾದಷ್ಟು ಕಂಡಿದ್ದಾರೆ. ಖಜಾನೆಯ ಕೀಲಿಕೈ, ಹೆಣ್ಣುಮಕ್ಕಳ ವಸತಿಗೃಹದ ಮೇಲ್ವಿಚಾರಣೆ, ಠಾಣೆಯ ಅಧಿಕಾರ, ಇವು ಸಿಕ್ಕವರಿಗೆಲ್ಲ ಹಂಚುವ ಪ್ರಸಾದವಲ್ಲ. 2013ರಲ್ಲಿ ದಿಲ್ಲಿ ಪೋಲೀಸು ನೇಮಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ರಾಜಿಯಿಂದಲೋ ಸಾಕ್ಷಿಗಳು ತಿರುಗಿಬಿದ್ದದ್ದರಿಂದಲೋ ಬಿಡುಗಡೆಯಾದ ಮಾತ್ರಕ್ಕೆ ಪೋಲೀಸು ನೌಕರಿಯ ಹಕ್ಕು ಹುಟ್ಟುವುದಿಲ್ಲವೆಂದು ತೀರ್ಪಿತ್ತಿತು. ಸಾಕ್ಷಿಗಳು ಹೇಗೆ ತಿರುಗಿಬೀಳುತ್ತಾರೆಂಬುದನ್ನು ಬಲ್ಲವರಾರೂ ಇದನ್ನು ಅನ್ಯಾಯವೆನ್ನಲಾರರು. ನಮ್ಮ ಆಕ್ಷೇಪವಿರುವುದು ವಿಚಾರಣೆಯ ರೀತಿಗೆ. ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ಒಂದಗುಳು ಹಿಚುಕಿ ತಿಳಿಯುವುದಕ್ಕೆ ಶಾಸ್ತ್ರಜ್ಞರು ಸ್ಥಾಲೀಪುಲಾಕನ್ಯಾಯವೆನ್ನುತ್ತಾರೆ. ಅನ್ನಕ್ಕೆ ಆ ನ್ಯಾಯ ಸಲ್ಲುತ್ತದೆ. ಮನುಷ್ಯನ ಬಾಳಿನಿಂದ ಹತ್ತೊಂಬತ್ತನೆಯ ವರ್ಷದ ಒಂದು ದಿನವನ್ನು ಹೆಕ್ಕಿ ಹಿಚುಕಿ, ಇವನು ಇಂಥವನೆಂದು ತೀರ್ಮಾನಿಸಿದರೆ ಅದು ಸಲ್ಲುವುದೆ?

ಈ ಪದ್ಧತಿಯ ಬೇರು ಎಲ್ಲಿಯದೆಂಬುದನ್ನೂ ನೋಡಬೇಕು. ಪರಕೀಯ ಸರಕಾರಕ್ಕೆ ಪ್ರಜೆಯ ಮೇಲೆ ವಿಶ್ವಾಸವಿರಲಿಲ್ಲ. ಇರುವ ಕಾರಣವೂ ಇರಲಿಲ್ಲ. ಅದರ ಕಣ್ಣಿನಲ್ಲಿ ಒಳ್ಳೆಯ ನಡತೆಯೆಂದರೆ ಬಾಗಿದ ತಲೆ. 1871ರಲ್ಲಿ ಮೊದಲು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕುಲಕುಲಗಳನ್ನೇ ಹುಟ್ಟು ಕಳ್ಳರೆಂದು ಪಟ್ಟಿಯಲ್ಲಿ ಬರೆಯಿತು. ನಮ್ಮ ಹುಬ್ಬಳ್ಳಿಯ 'ಸೆಟ್ಲಮೆಂಟು' ಎಂಬ ಹೆಸರು ಆ ಕಾಲದ ಗುರುತು. ಹಸುಗೂಸು ಏನೂ ಮಾಡುವ ಮೊದಲೇ ಅದರ ಪೂರ್ವಚರಿತ್ರೆ ಸರಕಾರದ ದಫ್ತರದಲ್ಲಿ ಸಿದ್ಧವಾಗಿರುತ್ತಿತ್ತು. ಆ ಕಾಯಿದೆಯು ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ. ಆ ಜನರ ಮೊಮ್ಮಕ್ಕಳಲ್ಲಿ ಓದಿ ಮುಂದೆ ಬಂದವನೊಬ್ಬನು ನೌಕರಿಗೆ ಅರ್ಜಿ ಹಾಕಿದಾಗ, ಓಣಿಯ ಹೆಸರನ್ನು ಕೇಳಿದೊಡನೆ ವಿಚಾರಣೆಗೆ ಬಂದ ಜಮಾದಾರನ ಹುಬ್ಬು ಮೇಲೇರುವುದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲವರು ಯಾರು?

ಇನ್ನೊಂದು ನೆನಪು. 1938ರಲ್ಲಿ ಶಿವಪುರದಲ್ಲಿ ಧ್ವಜವೆತ್ತಿದವರೂ, 1942ರಲ್ಲಿ ಶಾಲೆ ಬಿಟ್ಟು ತುರಂಗ ಸೇರಿದ ಹುಡುಗರೂ, 1947ರ ಸಪ್ಟಂಬರದಲ್ಲಿ 'ಮೈಸೂರು ಚಲೋ' ಎಂದು ಹೊರಟವರೂ ಈ ಕಲಮಿಗೆ 'ಹೌದು' ಎಂದೇ ಬರೆಯಬೇಕಾದವರು. ಆ ಚಳವಳಿಯನ್ನು ನಡೆಸಿದ ಕೆ. ಸಿ. ರೆಡ್ಡಿಯವರೇ ಅದೇ ವರ್ಷದ ಅಕ್ಟೋಬರದಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ನಾಡನ್ನು ಆಳಲು ಅಡ್ಡಿಬಾರದ ಸೆರೆಮನೆಯು ಗುಮಾಸ್ತೆಯಾಗಲು ಅಡ್ಡಿ ಬರುವುದಾದರೆ, ಆ ತಕ್ಕಡಿಯ ಕಡ್ಡಿ ಸೊಟ್ಟಗಿದೆಯೆಂದೇ ಹೇಳಬೇಕು.

ಸ್ವತಂತ್ರ ಭಾರತದಲ್ಲಿಯೂ ಹಳೆಯ ರೂಢಿ ಸುಲಭವಾಗಿ ಬಿಡಲಿಲ್ಲ. ಮಧ್ಯಪ್ರದೇಶದಲ್ಲಿ ನಗರಸಭೆಯ ಶಾಲೆಯೊಂದನ್ನು ಸರಕಾರವು ವಹಿಸಿಕೊಂಡಾಗ ಅಲ್ಲಿನ ಶಿಕ್ಷಕರೊಬ್ಬರನ್ನು ಸೇವೆಗೆ ತೆಗೆದುಕೊಂಡು, ಅವರು ಹಿಂದೆ ಸಂಘ ಮತ್ತು ಜನಸಂಘಗಳ ಕಾರ್ಯದಲ್ಲಿ ಭಾಗವಹಿಸಿದ್ದರೆಂಬ ಪೋಲೀಸು ವರದಿಯ ಮೇಲೆ 1974ರಲ್ಲಿ ಮನೆಗೆ ಕಳುಹಿಸಿತು. 1983ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪರೆಡ್ಡಿಯವರು, ಸರಕಾರಿ ನೌಕರಿಯು ದೇವದೂತರು ಮಾತ್ರ ಪ್ರವೇಶಿಸತಕ್ಕ ಸ್ವರ್ಗವೆ ಎಂಬರ್ಥದ ಪ್ರಶ್ನೆಯನ್ನು ಹಾಕಿ ಸರಕಾರದ ವಾದವನ್ನು ತಳ್ಳಿಹಾಕಿದರು. ರಾಜಕೀಯದಲ್ಲಿ ನಾವು ಯಾವ ಪಕ್ಷದವರೇ ಆಗಿರಲಿ, ಆ ಪ್ರಶ್ನೆಯನ್ನು ಗೌರವಿಸಬೇಕು. ಏಕೆಂದರೆ ಸರಕಾರಗಳು ಬದಲಾದಂತೆ ವರದಿಯಲ್ಲಿ ಬರುವ ಸಂಘಗಳ ಹೆಸರೂ ಬದಲಾಗುತ್ತದೆ. ತುರ್ತುಪರಿಸ್ಥಿತಿಯಲ್ಲಿ ಘೋಷಣೆ ಕೂಗಿ ಶಿಕ್ಷೆಗೊಳಗಾದದ್ದನ್ನು ತಿಳಿಸಲಿಲ್ಲವೆಂದು ಒಬ್ಬನಿಗೆ ಕೆಳದರ್ಜೆಯ ಗುಮಾಸ್ತೆಯ ಕೆಲಸವನ್ನು ನಿರಾಕರಿಸಿದಾಗಲೂ ಸುಪ್ರೀಂ ಕೋರ್ಟೇ 1988ರಲ್ಲಿ ಆ ಕೆಲಸವನ್ನು ಕೊಡಿಸಬೇಕಾಯಿತು.

ಮುಂದೆ ತೀರ್ಪುಗಳು ಒಂದಕ್ಕೊಂದು ಎದುರಾದುವು. 2011ರಲ್ಲಿ ನ್ಯಾಯಮೂರ್ತಿ ಕಾಟ್ಜುರವರು, ರೊಟ್ಟಿ ಕದ್ದು ಬಾಳೆಲ್ಲ ಕಳ್ಳನೆನಿಸಿಕೊಂಡ ಜೀನ್ ವಾಲ್‌ಜೀನನ ಕಥೆಯನ್ನು ನೆನೆದು, ಎಳೆಯ ವಯಸ್ಸಿನ ತಪ್ಪನ್ನು ಕ್ಷಮಿಸಬಹುದೆಂದರು. ಬೇಡನಾಗಿದ್ದವನು ಮಹರ್ಷಿಯಾದ ಕಥೆಯನ್ನು ಕೇಳಿ ಬೆಳೆದ ನಮಗೆ ಫ್ರಾನ್ಸಿನವರೆಗೆ ಹೋಗುವ ಅಗತ್ಯವಿರಲಿಲ್ಲ, ಇರಲಿ. ಬೇರೆ ಪೀಠಗಳು ಮುಚ್ಚಿಟ್ಟದ್ದೇ ಮಹಾಪರಾಧವೆಂದುವು. ಈ ಗೊಂದಲವನ್ನು ಮೂವರು ನ್ಯಾಯಮೂರ್ತಿಗಳ ಪೀಠವು 2016ರ ಜುಲೈ 21ರಂದು ಬಗೆಹರಿಸಿತು. ಅರ್ಜಿದಾರನು ನಿಜವನ್ನೇ ಹೇಳತಕ್ಕದ್ದು. ಆದರೆ ಮುಚ್ಚಿಟ್ಟ ಮಾತ್ರಕ್ಕೆ ಕಣ್ಣು ಮುಚ್ಚಿ ತೆಗೆದುಹಾಕಲಾಗದು. ಅಪರಾಧದ ಸ್ವರೂಪ, ಹುದ್ದೆಯ ತೂಕ, ಆಗಿನ ವಯಸ್ಸು ಇವನ್ನೆಲ್ಲ ನೋಡತಕ್ಕದ್ದು. ನಮೂನೆಯಲ್ಲಿ ಸ್ಪಷ್ಟವಾಗಿ ಕೇಳದುದನ್ನು ಹೇಳಲಿಲ್ಲವೆಂದು ದೂಷಿಸಕೂಡದು. ಕ್ಷುಲ್ಲಕ ಪ್ರಕರಣಕ್ಕೆ ಪೀಠವು ಕೊಟ್ಟ ಉದಾಹರಣೆಯು ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು! ದಿಲ್ಲಿಯಲ್ಲಿ ಈ ಮಾತು ಬರೆಯಲ್ಪಟ್ಟ ತಿಂಗಳಲ್ಲಿಯೇ ನವಲಗುಂದದ ಠಾಣೆಯಲ್ಲಿ ನಮ್ಮ ತರುಣನ ಹೆಸರು ಬರೆಯಲ್ಪಟ್ಟಿತು.

ಆದರೂ ಇಲಾಖೆಗಳ ಕೈ ಹಳೆಯ ಜಾಡನ್ನು ಬಿಟ್ಟಿಲ್ಲ. ಸುಪ್ರೀಂ ಕೋರ್ಟಿನ ಮಾತು ಕಚೇರಿಯ ಗುಮಾಸ್ತೆಯ ಮೇಜಿಗೆ ಬಂದು ಮುಟ್ಟುವುದರೊಳಗೆ ಅರ್ಜಿದಾರನ ವಯೋಮಿತಿಯೇ ಮುಗಿದಿರುತ್ತದೆ. ಉತ್ತರಪ್ರದೇಶದಲ್ಲಿ 2004ರ ನೇಮಕದಲ್ಲಿ ಆಯ್ಕೆಯಾದ ಕಾನ್‌ಸ್ಟೇಬಲನೊಬ್ಬನಿಗೆ, ಅವನು ಖುಲಾಸೆಯಾಗಿದ್ದರೂ, ಠಾಣೆಯವರೇ ಅವನ ನಡತೆ ಒಳ್ಳೆಯದೆಂದು ವರದಿ ಮಾಡಿದ್ದರೂ, ನ್ಯಾಯ ದೊರೆತದ್ದು 2024ರ ಫೆಬ್ರುವರಿಯಲ್ಲಿ. ಇಪ್ಪತ್ತು ವರ್ಷ! ಪಶ್ಚಿಮ ಬಂಗಾಳದ ಸಂಗತಿ ಇನ್ನೂ ವಿಚಿತ್ರವಾದುದು. 1985ರಲ್ಲಿ ಆರೋಗ್ಯ ಇಲಾಖೆಗೆ ಸೇರಿದ ನೌಕರರೊಬ್ಬರ ವಿಷಯದಲ್ಲಿ ಪೋಲೀಸರ ವರದಿಯು ಇಪ್ಪತ್ತೈದು ವರ್ಷಗಳಾದ ಮೇಲೆ, ಅವರು ನಿವೃತ್ತರಾಗುವ ಹೊತ್ತಿಗೆ ಹೊರಬಿದ್ದು, ಅವರು ಈ ದೇಶದವರೇ ಅಲ್ಲವೆಂದಿತು. 2024ರ ಡಿಸೆಂಬರದಲ್ಲಿ ಸುಪ್ರೀಂ ಕೋರ್ಟು ಅವರನ್ನು ವಜಾ ಮಾಡಿದ್ದನ್ನು ರದ್ದುಪಡಿಸಿ, ನೇಮಕದ ವಿಚಾರಣೆಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಎಲ್ಲ ರಾಜ್ಯಗಳ ಪೋಲೀಸರಿಗೂ ಆಜ್ಞಾಪಿಸಿತು.

ಇನ್ನು ಮೇಲಿನವರ ಕಡೆ ಕಣ್ಣು ಹಾಯಿಸೋಣ. 2024ರಲ್ಲಿ ಲೋಕಸಭೆಗೆ ಆರಿಸಿ ಬಂದ 543 ಸದಸ್ಯರಲ್ಲಿ 251 ಮಂದಿ ತಮ್ಮ ಮೇಲೆ ಫೌಜದಾರಿ ಪ್ರಕರಣಗಳಿವೆಯೆಂದು ತಾವೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದಾರೆ. 2019ರಲ್ಲಿ ಈ ಸಂಖ್ಯೆ 233 ಇತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗುವವರೆಗೆ ಅವರ ಪೀಠಕ್ಕೆ ಭಂಗವಿಲ್ಲ. ಆಪಾದಿತನು ಅಪರಾಧಿಯಲ್ಲವೆಂಬ ತತ್ತ್ವವನ್ನು ಅವರು ಮುಂದೊಡ್ಡುತ್ತಾರೆ. ಒಳ್ಳೆಯ ತತ್ತ್ವ, ನಾವೂ ಒಪ್ಪುತ್ತೇವೆ. ಅದು ಖುಲಾಸೆಯಾಗಿ ಬಂದ ಬಡ ರೈತನ ಮಗನಿಗೆ ಏಕೆ ಅನ್ವಯಿಸುವುದಿಲ್ಲವೆಂಬುದೇ ನಮ್ಮ ಪ್ರಶ್ನೆ. ಕಾಯಿದೆ ಮಾಡುವವನಿಗೆ ಒಂದು ಶಾಸ್ತ್ರ, ಕಾಗದ ಹೊರುವವನಿಗೆ ಇನ್ನೊಂದು ಶಾಸ್ತ್ರವೆ?

ಆಗಬೇಕಾದ ಕೆಲಸವೇನೂ ಅಸಾಧ್ಯವಾದುದಲ್ಲ. ನಮೂನೆಯು ಅರ್ಜಿದಾರನ ಭಾಷೆಯಲ್ಲಿರಲಿ. ಒಂದು ಶಬ್ದದ ಅರ್ಥ ತಿಳಿಯದೆ ಬರೆದ 'ಇಲ್ಲ' ಎಂಬುದು ಒಂದು ಸಂಸಾರದ ಅನ್ನವನ್ನು ಕಸಿಯಕೂಡದು. ದಸ್ತಗಿರಿ, ನಡೆಯುತ್ತಿರುವ ಖಟ್ಲೆ, ಖುಲಾಸೆ, ಶಿಕ್ಷೆ ಇವುಗಳಿಗೆ ಬೇರೆ ಬೇರೆ ಕಲಮುಗಳಿರಲಿ. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ವಿವರಿಸಲು ಸ್ಥಳವಿರಲಿ. ಬಾಲಾಪರಾಧಗಳು ಅನರ್ಹತೆಯಲ್ಲವೆಂದು 2015ರ ಬಾಲನ್ಯಾಯ ಕಾಯಿದೆಯೇ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾದವರನ್ನುಳಿದು, ಹೇಳಿರುವುದರಿಂದ ಅವನ್ನು ಕೆದಕುವುದನ್ನು ಬಿಡಲಿ. ಪೋಲೀಸರ ವರದಿಯಲ್ಲಿ ಏನಿದೆಯೆಂಬುದನ್ನು ಅರ್ಜಿದಾರನಿಗೆ ತೋರಿಸಿ, ಅವನ ಮಾತನ್ನು ಕೇಳಿ, ಕಾರಣ ಬರೆದೇ ನಿರಾಕರಿಸತಕ್ಕದ್ದು. ಈಗ ಠಾಣೆಗಳ ದಾಖಲೆಗಳೆಲ್ಲ ಕಂಪ್ಯೂಟರಿಗೆ ಏರಿವೆ. ಪ್ರಥಮ ವರ್ತಮಾನ ವರದಿಯನ್ನು ಏರಿಸುವ ಚುರುಕು ಖುಲಾಸೆಯ ತೀರ್ಪನ್ನು ಏರಿಸುವುದರಲ್ಲಿಯೂ ಕಾಣಲಿ. ಚಳವಳಿಯ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳುವೆವೆಂದು ಚುನಾವಣೆ ಬಂದಾಗಲೆಲ್ಲ ಸಾರುವ ಮಂತ್ರಿಗಳು, ಹಿಂತೆಗೆದುಕೊಂಡದ್ದು ಆ ಹುಡುಗರ ನಡತೆಯ ವರದಿಯಲ್ಲಿ ಕಾಣುವಂತೆ ಮಾಡುವ ಹೊಣೆಯನ್ನೂ ಹೊರಲಿ.

ತರುಣನಿಗೆ ನಾವು ಹೇಳಿದ್ದು ಒಂದೇ: 'ಹೌದು' ಎಂದು ಬರೆ, ತಾರೀಖು ಬರೆ, ಖುಲಾಸೆಯ ತೀರ್ಪಿನ ದೃಢೀಕೃತ ಪ್ರತಿಯನ್ನು ಜತೆಗೆ ಇಡು, ನಮೂನೆಯ ಒಂದು ನಕಲನ್ನು ನಿನ್ನಲ್ಲಿ ಇಟ್ಟುಕೊ. ಆತನು ನಮ್ಮ ಮೇಜಿನ ಮೇಲೆಯೇ ಕುಳಿತು ಬರೆದನು. "ಹೌದೆಂದು ಬರೆದರೆ ತೆಗೆದುಹಾಕುವುದಿಲ್ಲವೆ, ರಾಯರೇ?" ಎಂದು ಎರಡು ಸಲ ಕೇಳಿದನು. ಇಲಾಖೆಯ ಉತ್ತರವು ಇನ್ನೂ ಬಂದಿಲ್ಲ.