ಕೆಟ್ಟ ಸುದ್ದಿ ತರುವವನು

ಸಿನಿಮಾದ ದೊಡ್ಡ ಖಳನ ಹೆಸರು ಎಲ್ಲರಿಗೂ ಗೊತ್ತು. ಅವನ ಪಕ್ಕದಲ್ಲಿ ಟೊಪ್ಪಿ ಹಾಕಿಕೊಂಡು ನೆಟ್ಟಗೆ ನಿಂತು 'ಅಪ್ಪಣೆ' ಎನ್ನುವ ಅಧಿಕಾರಿಯ ಹೆಸರು ಯಾರಿಗೂ ನೆನಪಿರುವುದಿಲ್ಲ. ಈ ವಾರ ಅಂಥ ಒಬ್ಬ ಸಣ್ಣ ಅಧಿಕಾರಿಯ ಕತೆ. ಮಕ್ಕಳೇ, ನಿಮ್ಮಲ್ಲಿ ಕೆಲವರು ಅವನನ್ನು ನೋಡಿರಬಹುದು. ಅಜ್ಜ ಅಜ್ಜಿಯರೇ, ನಿಮಗೆ ಹೊಸತೆಂದು ಗಾಬರಿ ಬೇಡ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಆಟದ ರಂಗಸ್ಥಳಕ್ಕೇ ಬಂದು ಸೇರುತ್ತೇವೆ.

'ಸ್ಟಾರ್ ವಾರ್ಸ್' ಎಂಬ ಅಮೆರಿಕದ ಚಿತ್ರಮಾಲೆ ಶುರುವಾದದ್ದು 1977ರಲ್ಲಿ. ನಕ್ಷತ್ರಗಳ ನಡುವೆ ಹಡಗುಗಳ ಯುದ್ಧ. ಒಂದು ಕಡೆ ಚಕ್ರವರ್ತಿಯ ಸಾಮ್ರಾಜ್ಯ, ಇನ್ನೊಂದು ಕಡೆ ಅದನ್ನು ಎದುರಿಸುವ ಬಂಡಾಯದವರು. ಚಕ್ರವರ್ತಿಯ ಬಲಗೈ ಡಾರ್ತ್ ವೇಡರ್. ಕಪ್ಪು ಮುಖವಾಡ, ಕಪ್ಪು ಮೇಲಂಗಿ, ಬುಸುಗುಡುವ ಉಸಿರು. ಬೆರಳು ಮುಟ್ಟಿಸದೆ ದೂರದಿಂದಲೇ ಎದುರಿನವನ ಗಂಟಲು ಬಿಗಿಯಬಲ್ಲ. ಮಣಿಪಾಲದಲ್ಲಿರುವ ನನ್ನ ಪುಳ್ಳಿ ನನ್ನನ್ನು ಕೂರಿಸಿಕೊಂಡು ಇದನ್ನೆಲ್ಲ ತೋರಿಸಿದ. ಅವನ ಕಣ್ಣು ವೇಡರನ ಕೆಂಪು ಕತ್ತಿಯ ಮೇಲೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ತಲೆ ನೆರೆಸಿಕೊಂಡ ನನ್ನ ಕಣ್ಣು ಹೋದದ್ದು ಆ ಹಡಗಿನೊಳಗಿನ ಆಫೀಸಿನ ಮೇಲೆ.

1980ರಲ್ಲಿ ಬಂದ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರದಲ್ಲಿ ಕ್ಯಾಪ್ಟನ್ ಪಿಯೆಟ್ ಎಂಬವನಿದ್ದಾನೆ. ಪಾತ್ರ ಮಾಡಿದವರು ಇಂಗ್ಲೆಂಡಿನ ನಟ ಕೆನೆತ್ ಕಾಲಿ. ಬಂಡಾಯದವರ ಅಡಗುದಾಣ ಹುಡುಕಲು ಎಲ್ಲ ಕಡೆಗೂ ಯಂತ್ರಗಳನ್ನು ಕಳಿಸಿರುತ್ತಾರೆ. ಹಿಮ ತುಂಬಿದ ಒಂದು ಜಾಗದಿಂದ ಅಸ್ಪಷ್ಟವಾದ ಒಂದು ಚಿತ್ರ ಬರುತ್ತದೆ. ಪಿಯೆಟ್ ಅದನ್ನು ತನ್ನ ಮೇಲಧಿಕಾರಿ ಅಡ್ಮಿರಲ್ ಓಝೆಲನಿಗೆ ತಿಳಿಸುತ್ತಾನೆ. ಓಝೆಲ್ ಸಿಡುಕುತ್ತಾನೆ: ಸಾಕ್ಷ್ಯ ತಾರಯ್ಯ, ಸುಳಿವು ತಂದರೆ ಏನು ಪ್ರಯೋಜನ ಎಂಬ ಧಾಟಿ. ಪಿಯೆಟ್ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಮನುಷ್ಯರೇ ಇರಬಾರದ ಜಾಗದಲ್ಲಿ ಜೀವದ ಗುರುತು ಕಾಣುತ್ತಿದೆ ಎಂದು ಇನ್ನೊಮ್ಮೆ ವಿನಯದಿಂದ ಹೇಳುತ್ತಾನೆ. ಹೇಳಿದ್ದು ಸರಿಯಾಗಿಯೇ ಇರುತ್ತದೆ.

ಮುಂದೆ ಓಝೆಲ್ ಒಂದು ತಪ್ಪು ಮಾಡುತ್ತಾನೆ. ವೇಡರ್ ಪರದೆಯ ಮೂಲಕವೇ ಅವನ ಗಂಟಲು ಬಿಗಿಯುತ್ತಾನೆ. ಒಂದು ಕಡೆ ಓಝೆಲ್ ಉಸಿರಿಲ್ಲದೆ ಕುಸಿಯುತ್ತಿರುವಾಗಲೇ ಇನ್ನೊಂದು ಕಡೆ ಪಿಯೆಟ್‌ಗೆ ಬಡ್ತಿ. ಇನ್ನು ನೀನೇ ಅಡ್ಮಿರಲ್! ಪ್ರಮೋಷನ್ ಆರ್ಡರ್ ಕೈಗೆ ಬಂದಾಗ ಮುಖ ಅರಳಬೇಕಲ್ಲ, ಇವನ ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ಕ್ಯಾಪ್ಟನ್ ನೀಡಾ ಎಂಬವನು ಒಂದು ಹಡಗನ್ನು ಹಿಡಿಯಲಾಗದೆ, ತಾನೇ ಹೋಗಿ ವೇಡರನ ಕ್ಷಮೆ ಕೇಳುತ್ತಾನೆ. ಅವನಿಗೂ ಅದೇ ಗತಿ.

ಈಗ ಪಿಯೆಟ್ ಏನಾಗುತ್ತಾನೆ, ನೋಡಿ. ಎರಡೆರಡು ಸಲ ಹೇಳುತ್ತಿದ್ದ ಬಾಯಿಗೆ 'ಹೌದು ಪ್ರಭು' ಎಂಬ ಮಾತೊಂದೇ ಉಳಿಯುತ್ತದೆ. 1983ರ 'ರಿಟರ್ನ್ ಆಫ್ ದಿ ಜೇಡೈ' ಚಿತ್ರದಲ್ಲೂ ಅವನಿದ್ದಾನೆ. ಶತ್ರುಗಳ ಹಡಗುಗಳು ಎದುರಿಗೇ ಇವೆ. ದಾಳಿ ಮಾಡುವುದಿಲ್ಲವೇ ಎಂದು ಕೆಳಗಿನ ಅಧಿಕಾರಿ ಕೇಳುತ್ತಾನೆ. ಪಿಯೆಟ್ ಅವನಿಗೆ ಚಕ್ರವರ್ತಿಯ ಅಪ್ಪಣೆಯನ್ನು ಒಪ್ಪಿಸಿ ಸುಮ್ಮನೆ ಕಾಯುತ್ತಾನೆ. ಕೊನೆಗೆ ಒಂದು ಪುಟ್ಟ ವಿಮಾನ ಅವನು ನಿಂತ ಕೋಣೆಗೇ ಅಪ್ಪಳಿಸಿ, ಆ ಭಾರೀ ಹಡಗು ಅವನ ಸಮೇತ ನಾಶವಾಗುತ್ತದೆ. ಕೆಟ್ಟವರ ಕೆಲಸಕ್ಕೆ ಸೇರಿದವನು, ಅಳಬೇಕಾಗಿಲ್ಲ. ಆದರೆ ಹೆದರಿಕೆ ಒಬ್ಬ ಚುರುಕಾದ ಮನುಷ್ಯನನ್ನು ಹೇಗೆ ಮೂಕನನ್ನಾಗಿ ಮಾಡುತ್ತದೆ ಎಂಬುದನ್ನು ಗಮನಿಸಬೇಕು.

ಇಂಥ ಅಧಿಕಾರಿಗಳು ಉಡುಪಿ ಸೀಮೆಯವರಿಗೆ ಹೊಸಬರೇನಲ್ಲ. 'ಶ್ರೀ ದೇವಿ ಮಹಾತ್ಮೆ' ಆಟಕ್ಕೆ ಅಜ್ಜಿಯ ಸೆರಗು ಹಿಡಿದು ಹೋದ ಮಕ್ಕಳೆಲ್ಲ ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತ ಬರುವ ಮಹಿಷಾಸುರನನ್ನು ನೋಡಿದ್ದೀರಿ. ಆಮೇಲೆ ಕಣ್ಣು ಎಳೆಯುವ ಹೊತ್ತಿಗೆ ಶುಂಭನ ಕಡೆಯವರು ಒಬ್ಬೊಬ್ಬರಾಗಿ ಬರುತ್ತಾರೆ. ದೂತ ಸುಗ್ರೀವ ದೇವಿಯ ಹತ್ತಿರ ಹೋಗಿ ಶುಂಭನ ಮಾತು ಹೇಳುತ್ತಾನೆ. ಯುದ್ಧದಲ್ಲಿ ಗೆದ್ದವನನ್ನೇ ವರಿಸುತ್ತೇನೆ, ಹೋಗಿ ಹೇಳು ಎನ್ನುತ್ತಾಳೆ ದೇವಿ. ಸುಗ್ರೀವ ಹೇಳುತ್ತಾನೆ. ಶುಂಭ ಧೂಮ್ರಲೋಚನನನ್ನು 60,000 ಸೈನ್ಯದೊಂದಿಗೆ ಕಳಿಸುತ್ತಾನೆ. ದೇವಿಯ ಒಂದು ಹೂಂಕಾರಕ್ಕೆ ಅವನು ಬೂದಿ. ಆಮೇಲೆ ಚಂಡ ಮುಂಡರು, ಆಮೇಲೆ ರಕ್ತಬೀಜ. ಒಬ್ಬ ಹೋಗಿ ಬೂದಿಯಾದ ದಾರಿಯಲ್ಲೇ ಮತ್ತೊಬ್ಬ 'ಅಪ್ಪಣೆ' ಎಂದು ಹೊರಡುತ್ತಾನೆ. 'ಪ್ರಭೂ, ಒಂದು ನಿಮಿಷ, ಲೆಕ್ಕ ಸರಿಹೋಗುತ್ತಿಲ್ಲ' ಎನ್ನಲು ಒಬ್ಬನಿಗೂ ಬಾಯಿಲ್ಲ.

ಲಂಕೆಯ ಸೇನಾಪತಿ ಪ್ರಹಸ್ತನಂತೂ ಪಿಯೆಟ್‌ನ ಅಣ್ಣನೇ ಸರಿ. ಹನುಮಂತ ಲಂಕೆಯನ್ನು ಸುಟ್ಟು ಹೋದ ಮೇಲೆ ರಾವಣ ಸಭೆ ಕರೆದು ಏನು ಮಾಡೋಣ ಎಂದು ಕೇಳಿದಾಗ, ಭೂಮಿಯ ಮೇಲೆ ಕಪಿಗಳೇ ಇಲ್ಲದಂತೆ ಮಾಡುತ್ತೇನೆ ಎಂದು ಈ ಪ್ರಹಸ್ತ ಕೊಚ್ಚಿಕೊಂಡ. ಯುದ್ಧ ಶುರುವಾಗಿ, ಸೇನಾನಿಗಳು ಒಬ್ಬರ ಹಿಂದೆ ಒಬ್ಬರು ಸತ್ತು, ತನ್ನ ಸರದಿ ಬಂದಾಗ ಮಾತ್ರ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕುತ್ತಾನೆ: ಸೀತೆಯನ್ನು ಹಿಂದಿರುಗಿಸುವುದೇ ಒಳ್ಳೆಯದೆಂದು ನನಗೆ ಕಂಡಿತ್ತು, ಆದರೂ ನಿನ್ನ ಅನ್ನ ಉಂಡಿದ್ದೇನೆ, ಹೋಗುತ್ತೇನೆ. ವಾಲ್ಮೀಕಿ ರಾಮಾಯಣದಲ್ಲಿ ಇದರ ಸಾರ ಇದೆ. ಪ್ರಹಸ್ತ ಹೋದ, ನೀಲನ ಕೈಯಲ್ಲಿ ಸತ್ತ. ಸತ್ಯವನ್ನು ಹೇಳಿದ್ದೇನೋ ಹೌದು, ಆದರೆ ಹೊಳೆ ದಾಟಿದ ಮೇಲೆ ಅಂಬಿಗನನ್ನು ಕೂಗಿದ ಹಾಗಾಯಿತು.

ಅದೇ ಮನೆಯ ವಿಭೀಷಣ ಸಕಾಲದಲ್ಲಿ ಹೇಳಿದವನು. ಹನುಮಂತನನ್ನು ಕೊಲ್ಲಿರೆಂದು ರಾವಣ ಗುಡುಗಿದಾಗ, ದೂತನನ್ನು ಕೊಲ್ಲಬಾರದು ಎಂದು ತಡೆದವನೂ ಅವನೇ. ಇದೊಂದು ದೊಡ್ಡ ಮಾತು. ಸುದ್ದಿ ತಂದವನನ್ನು ಕೊಂದರೆ ಸುದ್ದಿ ಸಾಯುವುದಿಲ್ಲ, ಇನ್ನು ಮುಂದೆ ಸುದ್ದಿ ಬರುವ ದಾರಿ ಸಾಯುತ್ತದೆ. ನಮ್ಮ ಆಟದಲ್ಲಿ ದೂತನ ವೇಷವನ್ನು ಹೆಚ್ಚಾಗಿ ಹಾಸ್ಯಗಾರನಿಗೆ ಕೊಡುತ್ತಾರೆ. ರಾಜನ ಮುಂದೆ ಮಂತ್ರಿ ಹೇಳಲಾರದ್ದನ್ನು ಅವನು ನಗಿಸುತ್ತಲೇ ಹೇಳಿಬಿಡುತ್ತಾನೆ. ವೇಡರನ ಹಡಗಿನಲ್ಲಿ ಒಬ್ಬ ಹಾಸ್ಯಗಾರ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ!

ಬ್ಯಾಂಕಿನಲ್ಲೂ ನಾನು ಎರಡು ಬಗೆಯ ಹಡಗುಗಳನ್ನು ಕಂಡಿದ್ದೇನೆ. ಆಗ ಕಂಪ್ಯೂಟರ್ ಇರಲಿಲ್ಲ, ಸಂಜೆ ಕೈಲೆಕ್ಕದಲ್ಲೇ ಪುಸ್ತಕ ತಾಳೆಯಾಗಬೇಕು. ಕಾಪುವಿನಲ್ಲಿದ್ದಾಗ ಒಬ್ಬ ಮ್ಯಾನೇಜರು, 27 ರೂಪಾಯಿ ವ್ಯತ್ಯಾಸ ಬರುತ್ತಿದೆ ಎಂದರೆ, 'ಈಗಲೇ ಹೇಳಿದಿರಲ್ಲ, ಒಳ್ಳೆಯದಾಯಿತು' ಎಂದು ತಾವೇ ಕುರ್ಚಿ ಎಳೆದುಕೊಂಡು ಬರುವರು. ಮಕ್ಕಳೇ, ಇಲ್ಲೊಂದು ಗುಟ್ಟು ಕಲಿಯಿರಿ: ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿ ತಿರುವುಮುರುವಾಗಿರುವ ಸಂಶಯ ಬರಬೇಕು. 85 ಎಂದು ಬರೆಯುವಲ್ಲಿ 58 ಆದರೆ ವ್ಯತ್ಯಾಸ 27. ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿ, ನಾವೆಲ್ಲ ಕೊನೆಯ ಬಸ್ಸು ಹಿಡಿಯುತ್ತಿದ್ದೆವು.

ಇನ್ನೊಂದು ಊರಿನಲ್ಲಿ ಇನ್ನೊಬ್ಬರು. ವ್ಯತ್ಯಾಸ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಪುಸ್ತಕ ಮೇಜಿನ ಮೇಲೆ ಕುಟ್ಟಿ ಗ್ರಾಹಕರೆದುರೇ ಕೂಗಾಡುವರು. ಅಲ್ಲಿ ತಪ್ಪುಗಳೇನೂ ಕಡಿಮೆಯಾಗಲಿಲ್ಲ, ತಪ್ಪು ಹೇಳುವವರು ಕಡಿಮೆಯಾದರು. ಅರ್ಧ ಗಂಟೆಯ ಕೆಲಸ ಡ್ರಾಯರಿನೊಳಗೆ ಮಲಗಿ ನಾಲ್ಕು ದಿನದ ಕೆಲಸವಾಗುತ್ತಿತ್ತು. ಕೈಕೆಳಗಿನವರೆಲ್ಲ ತುಂಬ ಮರ್ಯಾದೆಯವರು. ಎಲ್ಲದಕ್ಕೂ 'ಹೌದು ಸಾರ್'.

ಅಜ್ಜ ಅಜ್ಜಿಯರೇ, ಈಗ ನಿಮ್ಮ ಜೊತೆ ಒಂದು ಮಾತು. ಪುಳ್ಳಿಗಳು ಲೆಕ್ಕದಲ್ಲಿ 11 ಅಂಕ ತೆಗೆದಾಗ, ಸೈಕಲ್ ಬೀಳಿಸಿಕೊಂಡಾಗ, ದೊಡ್ಡ ಹುಡುಗರು ಶಾಲೆಯ ಹಿಂದೆ ಏನಾದರೂ ಉಪದ್ರ ಕೊಟ್ಟಾಗ ಮೊದಲು ನಿಮ್ಮ ಮುಖ ನೋಡುತ್ತಾರೆ. ಆ ಒಂದು ಕ್ಷಣದಲ್ಲಿ ನೀವು ವೇಡರನೋ, ಕುರ್ಚಿ ಎಳೆದುಕೊಳ್ಳುವ ಮ್ಯಾನೇಜರೋ ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಅಂಕಪಟ್ಟಿಯನ್ನು ಬ್ಯಾಗಿನ ಅಡಿಯಲ್ಲಿ ಅಡಗಿಸಲು ಕಲಿತ ಮಗು ನಾಳೆ ಇನ್ನೂ ದೊಡ್ಡದನ್ನು ಅಡಗಿಸೀತು. ಬುದ್ಧಿ ಹೇಳಬೇಡಿ ಎನ್ನುತ್ತಿಲ್ಲ. ಮೊದಲು ಕೇಳಿಸಿಕೊಳ್ಳಿ, ಬುದ್ಧಿ ಹತ್ತು ನಿಮಿಷ ಕಾದರೆ ಹಳಸುವುದಿಲ್ಲ.

ಮಕ್ಕಳೇ, ನಿಮಗೂ ಒಂದು ಮಾತು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರಲ್ಲ, ಅದರ ಅರ್ಥ ಎಲ್ಲದಕ್ಕೂ ತಲೆಯಾಡಿಸಬೇಕೆಂದಲ್ಲ. ಮನೆಯವರಾಗಲಿ, ಗೆಳೆಯರಾಗಲಿ, ಕ್ಲಾಸ್ ಲೀಡರಾಗಲಿ ತಪ್ಪು ದಾರಿ ಹಿಡಿದರೆ, 'ಇದು ಸರಿ ಕಾಣುವುದಿಲ್ಲ' ಎಂದು ಮೆಲ್ಲಗೆ, ಆದರೆ ಸಕಾಲದಲ್ಲಿ ಹೇಳುವವನೇ ನಿಜವಾದ ನೆಂಟ. ಒಂದು ಸಲ ಕೇಳದಿದ್ದರೆ ಇನ್ನೊಂದು ಸಲ. ಮೊದಲ ದಿನದ ಪಿಯೆಟ್‌ನಿಂದ ಕಲಿಯಬೇಕಾದದ್ದು ಅದೊಂದೇ.

ಈ ವಾರದ ಕೆಲಸ: ಹೇಳದೆ ಉಳಿಸಿಕೊಂಡ ಒಂದು ಕೆಟ್ಟ ಸುದ್ದಿಯನ್ನು ಮನೆಯ ಹಿರಿಯರೊಬ್ಬರಿಗೆ ಹೇಳಿಬಿಡಿ. ಹಿರಿಯರು ಬೇರೇನು ಹೇಳುವ ಮೊದಲು 'ಹೇಳಿದ್ದು ಒಳ್ಳೆಯದಾಯಿತು' ಎನ್ನಬೇಕು, ಇದು ನಿಯಮ. ಜೊತೆಗೊಂದು ಲೆಕ್ಕ: ಎರಡಂಕಿಯ ಒಂದು ಸಂಖ್ಯೆಯನ್ನು ತಿರುವಿ ಬರೆದದ್ದರಿಂದ 36 ರೂಪಾಯಿ ವ್ಯತ್ಯಾಸ ಬಂದಿದೆ. 73 ಮತ್ತು 37 ಒಂದು ಜೋಡಿ. ಸೊನ್ನೆ ಇಲ್ಲದ ಇನ್ನೂ ನಾಲ್ಕು ಜೋಡಿಗಳಿವೆ, ಹುಡುಕಿ. ಉತ್ತರ ಮುಂದಿನ ವಾರ.