ಹಳೇ ಮನಿ – 6: ಜೆಸಿಬಿ ಕರಸೋ ಮುಂಚೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ರೈತರ ಹಳೇ ಮನಿ ಅಂದ್ರ "ಕತ್ತಲ ಗೂಡು" ಅಂತ ಮೂಗು ಮುರಿಯೋರೇ ಹೆಚ್ಚು. ನಾನು ಒಪ್ಪೂದಿಲ್ಲ.

ಎರಡನೇ ಫೋಟೋ ನೋಡ್ರಿ. ಬಾಗಿಲು ದಾಟಿದ ಕೂಡ್ಲೆ ದನದ ಅಂಕಣ, ಗ್ವಾದ್ಲಿ. ಅಲ್ಲಿಂದ ಎತ್ತರಕ್ಕ ಪಡಸಾಲಿ, ಅದರ ಹಿಂದ ಅಡಗಿ ಮನಿ, ದೇವರ ಕೋಣಿ. ನೆಲದಾಗ ಜೋಳದ ಹಗೇವು. ಮ್ಯಾಲ ತೊಲಿ, ಜಂತಿ, ಮಣ್ಣಿನ ಮಾಳಿಗಿ, ನಡುವ ಬೆಳಕಿಂಡಿ. ದಪ್ಪ ಗೋಡಿ, ಹಂಗಾಗಿ ಏಪ್ರಿಲ್ ಬಿಸಲು ಒಳಗ ಬರೂದು ತಡ. ದನ, ಕಾಳು, ಮಂದಿ ಎಲ್ಲಾ ಒಂದೇ ಸೂರಿನಡಿ ಬಾಳಿದವರ ಲೆಕ್ಕ ಇದು.

"ಮಳ್ಯಾಗ ಬೀಳ್ತಾವಲ್ರಿ?" ಖರೆ. 2019ರ ಆಗಸ್ಟ್ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಆದರೆ ಮಾಳಿಗಿಗೆ ಮಳೆಗಾಲಕ್ಕ ಮುಂಚೆ ಮಣ್ಣು ಹಾಕೋದು ಬಿಟ್ಟು, ಗೋಡಿಗೆ ಸಿಮೆಂಟ್ ಮೆತ್ತಿ ಹಸಿ ಒಳಗೇ ಹಿಡಿದಿಟ್ರ ಯಾವ ಗೋಡಿ ನಿಂತೀತು?

ದನ ಇಲ್ಲೇನು? ಆ ಅಂಕಣದಾಗ ಬಚ್ಚಲು, ಸಂಡಾಸು, ಮಕ್ಕಳು ಓದೋ ಕೋಣಿ ಮಾಡ್ರಿ. ಸೋರಿದ್ರ ಹೆಂಚು ಹಾಕ್ರಿ. ಮ್ಯೂಸಿಯಂನಾಗ ಬಾಳೇವು ಮಾಡ್ರಿ ಅಂತ ಯಾರೂ ಅನ್ನಾಕತ್ತಿಲ್ಲ.

ಸಿಟ್ಟು ಬರೋದು ಬ್ಯಾರೆ ಕಡೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಗೆ ಹೋಗಿ, ಟಿ.ಬಿ. ಸೊಲಬಕ್ಕನವರ ಕಟ್ಟಿದ ರಾಕ್ ಗಾರ್ಡನ್‌ನಾಗ ಟಿಕೆಟ್ ತಗೊಂಡು ಸಿಮೆಂಟಿನ ಎತ್ತಿನ ಜೋಡಿ ಸೆಲ್ಫಿ ತಗೀತೀವಿ (ಅವರ ಕೆಲಸ ದೊಡ್ಡದು, ತಕರಾರಿಲ್ಲ). ಮನಿಗೆ ಬಂದು ಅಜ್ಜನ ಸಾಗವಾನಿ ಕಂಬ ಹಳೇ ಸಾಮಾನಿನವರಿಗೆ ಮಾರ್ತೀವಿ!

ಮಾರೋ ಮುಂಚೆ ಒಬ್ಬ ವಯಸ್ಸಾದ ಬಡಿಗೇರನ್ನ ಕರದು ತೊಲಿ ತೋರಸ್ರಿ.

#ಹಳೇಮನಿ #ಹಾವೇರಿ #ಬ್ಯಾಡಗಿ