ಹಳೇ ಸೀರೆ ಪುಕ್ಕಟೆ, ಹೊಲಿಗೆ ಪುಕ್ಕಟೆಯಲ್ಲ

ಮೊಬೈಲ್ ತೆರೆದರೆ ಸಾಕು, ಹಳೇ ಜೀನ್ಸ್ ಕತ್ತರಿಸಿ ಬ್ಯಾಗ್ ಮಾಡುವ, ಅಮ್ಮನ ರೇಷ್ಮೆ ಸೀರೆಯಿಂದ ಲೆಹಂಗಾ ಹೊಲಿಯುವ, ಅಪ್ಪನ ಅಂಗಿಯನ್ನು ಟಾಪ್ ಮಾಡಿಕೊಳ್ಳುವ ರೀಲ್ಸ್‌ಗಳು ಸಾಲುಗಟ್ಟಿ ಬರುತ್ತವೆ. ಮೂವತ್ತು ಸೆಕೆಂಡ್‌ನಲ್ಲಿ ಕತ್ತರಿ ಆಡುತ್ತದೆ, ಹಾಡು ಬದಲಾಗುತ್ತದೆ, ಹುಡುಗಿ ಹೊಸ ಉಡುಪಿನಲ್ಲಿ ಗಿರ್ರನೆ ತಿರುಗುತ್ತಾಳೆ. ‘ಅಪ್‌ಸೈಕ್ಲಿಂಗ್’ ಅಂತ ಹೆಸರು. ನಮ್ಮ ಹಾಸ್ಟೆಲ್‌ನಲ್ಲೂ ಇದರ ಗಾಳಿ ಬೀಸಿದೆ; ಇಂಟರ್ನಲ್ಸ್ ಮುಗಿದ ಸಂಜೆ ನಾಲ್ಕಾರು ರೂಮುಗಳಲ್ಲಿ ಕತ್ತರಿಯ ಸದ್ದು ಕೇಳುತ್ತದೆ. ಬಿ.ಇ. ಮೆಕ್ಯಾನಿಕಲ್ ಓದುವ ನಾನೂ ಸೂಜಿ ಹಿಡಿಯುವವಳೇ, ಹಾಗಾಗಿ ಈ ಹುಚ್ಚಿನ ಬಗ್ಗೆ ತಕರಾರಿಲ್ಲ. ತಕರಾರಿರುವುದು ಇಂಥ ಪ್ರತಿ ವಿಡಿಯೊದಲ್ಲೂ ಬಂದೇ ಬರುವ ಒಂದು ಮಾತಿನ ಮೇಲೆ: ‘ಖರ್ಚೇ ಇಲ್ಲ!’ ಹಳೇ ಬಟ್ಟೆ ಪುಕ್ಕಟೆ ಇರಬಹುದು. ಅದನ್ನು ಹೊಸದು ಮಾಡುವ ಕೈ ಕೂಡ ಪುಕ್ಕಟೆ ಎಂದು ನಾವು ಯಾವಾಗ ತೀರ್ಮಾನಿಸಿದೆವು?

ನಮ್ಮೂರು ನಗರ. ಹೆಸರು ಕೇಳಿ ಸಿಟಿ ಎಂದುಕೊಳ್ಳಬೇಡಿ. ಹೊಸನಗರ ತಾಲ್ಲೂಕಿನ, ಕೆಳದಿ ಅರಸರ ಬಿದನೂರು ಕೋಟೆ ಇರುವ ಸಣ್ಣ ಊರು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಒಗೆದ ಬಟ್ಟೆಗೆ ಬಚ್ಚಲೊಲೆಯ ಮೇಲಿನ ಹಗ್ಗವೇ ಬಿಸಿಲು. ಇಲ್ಲಿ ಬಟ್ಟೆಯನ್ನು ಯಾರೂ ಸುಮ್ಮನೆ ಎಸೆಯುತ್ತಿರಲಿಲ್ಲ. ಹತ್ತಿ ಸೀರೆ ಮೊದಲು ನೆಂಟರ ಮನೆಗೆ ಹೋಗಿಬರುವಾಗ ಉಡಲು, ಮಾಸಿದ ಮೇಲೆ ಮನೆಯೊಳಗೆ, ಆಮೇಲೆ ತೋಟಕ್ಕೆ. ಅಡಿಕೆ ಸುಲಿಯುವಾಗ ಉಟ್ಟ ಸೀರೆಗೆ ಚೊಗರು ಹತ್ತಿತೆಂದರೆ ಅದು ಯಾವ ಸೋಪಿಗೂ ಬಗ್ಗುವುದಿಲ್ಲ. ಹರಿದ ಮೇಲೆ ಗಟ್ಟಿ ಉಳಿದ ಭಾಗ ಬಾಣಂತಿ ಕೋಣೆಗೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಒರಟು, ನೂರು ಸಲ ಒಗೆದದ್ದೇ ಮೆತ್ತಗೆ. ಉಳಿದ ಚೂರು ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ, ನೆಲ ಒರೆಸುವ ಬಟ್ಟೆ, ಹೊರೆ ಹೊರುವವರ ತಲೆ ಮೇಲಿನ ಸಿಂಬೆ. ಇದಕ್ಕೆಲ್ಲ ಯಾರೂ ಹೆಸರಿಟ್ಟಿರಲಿಲ್ಲ.

ಇವುಗಳಲ್ಲೆಲ್ಲ ದೊಡ್ಡ ಕೆಲಸ ಕೌದಿಯದು. ಬೊಂತೆ, ಗೋದಡಿ ಎಂದು ಬೇರೆ ಕಡೆ ಬೇರೆ ಹೆಸರುಗಳಿವೆ. ಬಂಗಾಳದ ಕಾಂಥಾ, ಜಪಾನಿನ ಬೊರೊ ಇದರ ದೂರದ ನೆಂಟರು. ಮೇಲೊಂದು ಕೆಳಗೊಂದು ಸೀರೆ, ನಡುವೆ ಹರಿದ ಅಂಗಿ, ಲಂಗ, ಪಂಚೆಯ ತುಂಡುಗಳನ್ನು ಏರುತಗ್ಗಿಲ್ಲದಂತೆ ಹರವಿ, ಗೆರೆ ಎಳೆದ ಹಾಗೆ ಒಂದೇ ಸಮನೆ ಕೈಹೊಲಿಗೆ ಹಾಕುವುದು. ತರಗತಿಯಲ್ಲಿ ಕಾಂಪೊಸಿಟ್ ಮೆಟೀರಿಯಲ್ಸ್ ಪಾಠ ಕೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಇದೇ. ಒಂಟಿಯಾಗಿ ಯಾತಕ್ಕೂ ಬಾರದ ತೆಳು ಪದರಗಳನ್ನು ಒಂದರ ಮೇಲೊಂದಿಟ್ಟು ಬಿಗಿದರೆ ಯಾವ ಪದರದಲ್ಲೂ ಇಲ್ಲದ ಗುಣ ಹುಟ್ಟುತ್ತದೆ. ಕೌದಿ ಹೊದ್ದಾಗ ನಮ್ಮನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಒತ್ತೊತ್ತಾಗಿ ಹಾಕಿದ ಹೊಲಿಗೆ ಬರಿಯ ಅಂದಕ್ಕಲ್ಲ. ಒಳಗಿನ ತುಂಡುಗಳು ಒಗೆದಾಗ ಒಂದು ಮೂಲೆಗೆ ಗುಡ್ಡೆಯಾಗದಂತೆ ತಡೆಯುವುದು, ಎಲ್ಲೋ ಒಂದು ಕಡೆ ಹರಿದರೆ ಹರಿಕು ಮುಂದಕ್ಕೆ ಓಡದಂತೆ ನಿಲ್ಲಿಸುವುದು ಅದರ ಕೆಲಸ. ಸ್ಕೇಲು, ಪೆನ್ಸಿಲ್ ಮುಟ್ಟದ ಕೈಗಳು ಮಾಡಿದ ಡಿಸೈನ್ ಇದು.

ನಮ್ಮ ಮನೆಯ ಹಿಂದಿನ ಕೇರಿಯಲ್ಲಿ ಕೌದಿ ಹೊಲಿದುಕೊಡುವ ಅಜ್ಜಿಯೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಕಳೆದ ರಜೆಯಲ್ಲಿ ಅವರ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಕೌದಿ. ಇಂಚಿಗೊಂದು ಸಾಲಿನಂತೆ 54 ಸಾಲು. ಒಂದೊಂದು ಸಾಲೂ 72 ಇಂಚು. ಇಂಚಿಗೆ ಎರಡೇ ಹೊಲಿಗೆ ಎಂದರೂ 7,776 ಹೊಲಿಗೆ. ತುಂಡು ಜೋಡಿಸುವುದು, ಅಂಚು ಮಡಿಸುವುದು, ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆ ಮಕ್ಕಳನ್ನು ಕೂಗುವುದು ಬೇರೆ. ದಿನಕ್ಕೆ ಮೂರು ಗಂಟೆಯಂತೆ ಎಂಟು ದಿನ ಹಿಡಿಯಿತು, ಒಟ್ಟು 24 ಗಂಟೆ. ಅವರು ಹೇಳಿದ ಮಜೂರಿ 600 ರೂಪಾಯಿ, ದಾರವೂ ಅವರದೇ. ಅಂದರೆ ಗಂಟೆಗೆ 25 ರೂಪಾಯಿಯೂ ಬೀಳುವುದಿಲ್ಲ. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ. ಎಂಟು ಗಂಟೆಯ ಮೂರು ದಿನ ಎಂದು ಹಿಡಿದರೆ 1,110 ರೂಪಾಯಿ ಆಗಬೇಕಿತ್ತು. ಮಣ್ಣು ಹೊತ್ತವರಿಗೆ ಸಿಗುವುದರ ಹೆಚ್ಚುಕಡಿಮೆ ಅರ್ಧ.

ಅದಕ್ಕೂ ಚೌಕಾಸಿ. ನಾನು ಕೂತಿದ್ದಾಗಲೇ ಒಬ್ಬರು ಬಂದು, ‘ಸೀರೆ ನಮ್ದೇ ಅಲ್ದನಾ ಅಜ್ಜಿ, ದಾರಕ್ಕೆ ಮಹಾ ಎಷ್ಟಾಗ್ತದೆ?’ ಅಂದರು. ಅಜ್ಜಿ ಏನೂ ಹೇಳಲಿಲ್ಲ, ಐವತ್ತು ರೂಪಾಯಿ ಇಳಿಸಿದರು. ಕೇಳಿದವರು ಕೆಟ್ಟವರೇನಲ್ಲ. ಅವರ ಮನೆಯಲ್ಲೂ ತಾಯಿಯೋ ಅತ್ತೆಯೋ ಮಧ್ಯಾಹ್ನದ ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ಹೀಗೇ ಹೊಲಿಯುತ್ತಿದ್ದಿರಬೇಕು, ಅವರಿಗೆ ಯಾರೂ ಒಂದು ರೂಪಾಯಿ ಕೊಟ್ಟಿರಲಾರರು. ಮನೆಯ ಹೆಂಗಸು ‘ಬಿಡುವಿನಲ್ಲಿ’ ಮಾಡಿದ್ದಕ್ಕೆ ಬೆಲೆ ಕಟ್ಟುವ ರೂಢಿಯೇ ನಮ್ಮಲ್ಲಿಲ್ಲ. ಆ ರೂಢಿ ಈಗ ಜಗಲಿಗೂ ಬಂದಿದೆ, ಅಲ್ಲಿಂದ ರೀಲ್ಸ್‌ಗೂ.

ಇದೇ ಹೊಲಿಗೆಗೆ ಬೇರೆ ಕಡೆ ಬೇರೆ ಮರ್ಯಾದೆ ಸಿಕ್ಕಿದ್ದೂ ಇದೆ. ಸಾಗರ, ಸಿರ್ಸಿ ದಾಟಿ ಯಲ್ಲಾಪುರದ ಕಡೆ ಹೋದರೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಕಾಣಸಿಗುತ್ತದೆ. ಅವರು ಅದನ್ನು ಕವಂದಿ ಎನ್ನುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಅವರದು. ಹೊಲಿಗೆ ಅಂಚಿನಿಂದ ಶುರುವಾಗಿ, ಬಣ್ಣಬಣ್ಣದ ತುಂಡುಗಳನ್ನು ಸೇರಿಸಿಕೊಳ್ಳುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಿಸಿದ ‘ಫೂಲ’ ಇಡದಿದ್ದರೆ ಕೌದಿ ಬೆತ್ತಲೆ ಇದ್ದ ಹಾಗಂತೆ! 2011ರಲ್ಲಿ ಈ ಕೌದಿಗಳು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಲ್ಲಿ ಗೋಡೆ ಮೇಲೆ ತೂಗುಹಾಕಿದ್ದನ್ನು ನೋಡಿದ ಯಾರೂ ‘ಬಟ್ಟೆ ಹಳೆಯದಲ್ವಾ’ ಎಂದು ಬೆಲೆ ಇಳಿಸಲು ಕೇಳಿರಲಿಕ್ಕಿಲ್ಲ.

ಅಷ್ಟು ದೂರವೇ ಯಾಕೆ, ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ‘ಚರಕ’ ಇದೆ. ಹಳ್ಳಿ ಹೆಂಗಸರ ಸಹಕಾರ ಸಂಘ. ಹಿಂದೆ ನಿಂತವರು ರಂಗಕರ್ಮಿ ಪ್ರಸನ್ನ. ಅಲ್ಲಿ ಕೈಮಗ್ಗದ ಹತ್ತಿಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಅಡಿಕೆ ಚೊಗರಿನದೂ ಒಂದು. ನಮ್ಮ ಮನೆಗಳಲ್ಲಿ ಅಂಗಿ ಹಾಳುಮಾಡುವ ಅದೇ ಚೊಗರು! ಇದು ಗೊತ್ತಾದ ಮೇಲೆ ನಾನು ಅಪ್ಪನ ಕಲೆಯಾದ ಬಿಳಿ ಹತ್ತಿ ಅಂಗಿಯನ್ನು ಇಡಿಯಾಗಿ ಚೊಗರಿನಲ್ಲಿ ಅದ್ದಿ ಕುದಿಸಿದೆ. ಕಲೆ ಎಲ್ಲಿತ್ತೆಂದು ಹುಡುಕಬೇಕಾಯಿತು. ತುಕ್ಕು ಹಿಡಿದ ಮೊಳೆ ನೆನೆಹಾಕಿದ ನೀರನ್ನು ಅದಕ್ಕೆ ಸೇರಿಸಿದರೆ ಕಂದು ಬಣ್ಣ ಕಪ್ಪಿನ ಕಡೆ ತಿರುಗುತ್ತದೆ. ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿದಾಗ ಆಗುವುದೇ ಅದು. ಕೈಯಿಂದ ಮಾಡಿದ ವಸ್ತುಗಳ ಮೇಲೆ ಜಿಎಸ್‌ಟಿ ಬೇಡವೆಂದು ಪ್ರಸನ್ನ ಮತ್ತು ಸಂಗಡಿಗರು 2017ರಲ್ಲಿ ಕರ ನಿರಾಕರಣೆ ಸತ್ಯಾಗ್ರಹವನ್ನೇ ನಡೆಸಿದ್ದರು. ಯಂತ್ರ ಒಂದು ನಿಮಿಷದಲ್ಲಿ ಮಾಡುವುದಕ್ಕೂ ಕೈ ಒಂದು ದಿನದಲ್ಲಿ ಮಾಡುವುದಕ್ಕೂ ಒಂದೇ ತಕ್ಕಡಿ ಸಲ್ಲದು ಎಂಬ ಆ ವಾದವನ್ನು ಮೆಕ್ಯಾನಿಕಲ್ ವಿದ್ಯಾರ್ಥಿನಿಯಾಗಿ ನಾನು ಒಪ್ಪುತ್ತೇನೆ.

ಇಷ್ಟಕ್ಕೂ ಹೊಲಿಯುವ ಕೈಗೆ ಸಿಗುತ್ತಿರುವ ಬಟ್ಟೆಯಾದರೂ ಯಾವುದು? ‘ಈಗಿನ ಸೀರೆ ಎಂತಕ್ಕೂ ಆಗುದಿಲ್ಲ ಮಾರಾಯ್ತಿ, ಸೂಜಿ ಹಾಕಿದ್ರೆ ಜಾರ್ತದೆ, ಹೊದ್ದರೆ ಬೆವರು’ ಎನ್ನುತ್ತಾರೆ ಅಜ್ಜಿ. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದಿಲ್ಲ, ಅದಕ್ಕೇ ಬೆವರು ಹೀರುವುದಿಲ್ಲ. ಎಳೆಗಳು ನುಣುಪಾದ್ದರಿಂದ ಹೊಲಿಗೆಯ ಬುಡದಲ್ಲಿ ಬಟ್ಟೆ ಪಿಸಿಯುತ್ತದೆ. ಮಸಿಬಟ್ಟೆ ಮಾಡಿದರೆ ಬಿಸಿ ಪಾತ್ರೆಗೆ ಕರಗಿ ಅಂಟುತ್ತದೆ. ಆದರೂ ನಮ್ಮ ಟ್ರಂಕುಗಳ ತುಂಬ ಇರುವುದು ಅದೇ. ಮದುವೆಗೆ, ಗೃಹಪ್ರವೇಶಕ್ಕೆ ಹೋದವರಿಗೆಲ್ಲ ಕೊಡುವ, ಕೊಡುವವರೂ ಉಡದ, ತೆಗೆದುಕೊಂಡವರೂ ಉಡದ, ಪ್ಲಾಸ್ಟಿಕ್ ಕವರ್ ಬಿಚ್ಚದೆಯೇ ಮುಂದಿನ ಮನೆಗೆ ದಾಟುವ ಸೀರೆಗಳು ನಿಮ್ಮ ಮನೆಯಲ್ಲೂ ಇವೆಯಲ್ಲವೆ? ಮಲೆನಾಡಿನಲ್ಲಿ ಅವಕ್ಕೆ ಕೊನೆಗೆ ಸಿಕ್ಕಿರುವ ಕೆಲಸ ಬೇಲಿಯದು. ಹಂದಿ ಬಾರದಿರಲೆಂದು ಗದ್ದೆ ಸುತ್ತ, ಕೋಳಿ ಬಾರದಿರಲೆಂದು ತರಕಾರಿ ಮಡಿ ಸುತ್ತ ಕೆಂಪು, ಹಸಿರು, ಗುಲಾಬಿ ಸೀರೆ ಕಟ್ಟಿರುತ್ತಾರೆ. ಮಳೆಗೆ ಕೊಳೆಯುವುದಿಲ್ಲ, ಬೇಗ ಒಣಗುತ್ತದೆ, ಬುದ್ಧಿವಂತ ಉಪಯೋಗವೇ. ಎರಡು ಮೂರು ವರ್ಷಕ್ಕೆ ಬಿಸಿಲಿಗೆ ಚಿಂದಿಯಾಗಿ ಆ ಎಳೆಗಳು ಗದ್ದೆಯ ಮಣ್ಣಿಗೇ ಸೇರುತ್ತವೆ ಎಂಬುದೊಂದನ್ನು ಬಿಟ್ಟರೆ.

ಇನ್ನು ಕ್ರಾಫ್ಟ್ ಪ್ರಾಜೆಕ್ಟ್‌ಗಳು. ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ, ಗೆಳತಿಯರು ಬೈದುಕೊಳ್ಳಲಿ. ಹಳೇ ಸೀರೆಯ ಅಂಚು ಅಂಟಿಸಿದ ಬಾಟಲಿ, ಜೀನ್ಸ್ ಜೇಬಿನ ವಾಲ್ ಹ್ಯಾಂಗಿಂಗ್, ಬಟ್ಟೆ ಹೂವಿನ ಗೊಂಚಲು, ಇವಕ್ಕಾಗಿ ಗ್ಲೂ ಗನ್, ಲೇಸು, ಮಣಿ, ಫೋಮ್ ಎಲ್ಲ ಆನ್‌ಲೈನ್‌ನಲ್ಲಿ ಹೊಸದಾಗಿ ಬರುತ್ತವೆ. ಒಂದು ಹಳೆಯದನ್ನು ಉಳಿಸಲು ಐದು ಹೊಸತು! ಅಂಟು ಹಾಕಿದ ಬಟ್ಟೆಯನ್ನು ಆಮೇಲೆ ತೊಳೆಯಲಾಗದು, ಬಿಚ್ಚಲಾಗದು. ನಗರದ ಮಳೆಗಾಲದಲ್ಲಂತೂ ಇಂಥದ್ದೊಂದು ಗೋಡೆಗೆ ತೂಗಿದರೆ ಹದಿನೈದು ದಿನಕ್ಕೆ ಬೂಷ್ಟು ಹಿಡಿದು ನಿಮಗೇ ಕೆಮ್ಮು. ಒಗೆದು ಒಣಹಾಕಿ ಮತ್ತೆ ಬಳಸಲು ಬಾರದ ವಸ್ತುವನ್ನು ನಾನು ಮರುಬಳಕೆ ಎನ್ನುವುದಿಲ್ಲ. ಸೊಂಟಕ್ಕೆ ಬಿಗಿಯಾದ ಚೂಡಿದಾರದ ಪಕ್ಕ ಬಿಚ್ಚಿ ದುಪಟ್ಟಾದ ಪಟ್ಟಿ ಸೇರಿಸಿ ಹೊಲಿಯುವುದು ವಿಡಿಯೊಗೆ ಸಪ್ಪೆ, ಆದರೆ ಅದರಿಂದ ಒಂದು ಚೂಡಿದಾರ ಇನ್ನೆರಡು ವರ್ಷ ಬಾಳುತ್ತದೆ.

‘ಯಂತ್ರಗಳೇ ರೀಸೈಕಲ್ ಮಾಡುತ್ತವಲ್ಲ’ ಎಂದು ನನ್ನ ಕ್ಲಾಸಿನ ಹುಡುಗರು ವಾದಿಸುತ್ತಾರೆ. ಮಾಡುತ್ತವೆ. ಹರಿಯಾಣದ ಪಾಣಿಪತ್‌ಗೆ ದೇಶವಿದೇಶದ ಹಳೇ ಬಟ್ಟೆ ಬರುತ್ತದೆ. ಬಣ್ಣವಾರು ವಿಂಗಡಿಸಿ, ಗುಂಡಿ ಜಿಪ್ ಕಿತ್ತು, ಯಂತ್ರದಲ್ಲಿ ಹಿಂಜಿ ಮತ್ತೆ ನೂಲು ತೆಗೆದು ಅಗ್ಗದ ಕಂಬಳಿ ನೇಯುತ್ತಾರೆ. ಹಿಂಜುವಾಗ ಎಳೆ ತುಂಡಾಗುತ್ತದೆ, ತುಂಡು ಎಳೆಯಿಂದ ಒರಟು ನೂಲಷ್ಟೇ ಬಂದೀತು. ಆ ಕಂಬಳಿ ಮತ್ತೆ ಅಂಗಿಯಾಗಲಾರದು. ಹತ್ತಿ, ಪಾಲಿಯೆಸ್ಟರ್ ಜೊತೆ ಹಿಗ್ಗುವ ಎಲಾಸ್ಟೇನ್ ಬೆರೆತ ನಮ್ಮ ಸ್ಟ್ರೆಚ್ ಜೀನ್ಸ್ ಬಂದರಂತೂ ಬೇರ್ಪಡಿಸುವುದೇ ಕಷ್ಟ. ಜಗತ್ತಿನಲ್ಲಿ ಬಟ್ಟೆ ತಯಾರಿಕೆಗೆ ಬಳಕೆಯಾದದ್ದರಲ್ಲಿ ಮತ್ತೆ ಬಟ್ಟೆಯಾಗುವುದು ಶೇ 1ಕ್ಕಿಂತ ಕಡಿಮೆ ಎಂದು ಎಲೆನ್ ಮೆಕಾರ್ಥರ್ ಫೌಂಡೇಷನ್ 2017ರಲ್ಲಿ ಹೇಳಿತ್ತು. ಹಾಗಾಗಿ ಸದ್ಯಕ್ಕೆ ಸೂಜಿ ಹಿಡಿದ ಕೈಗೆ ಬದಲಿ ಇಲ್ಲ. ಅನ್ಶು ಗುಪ್ತಾ ಅವರು 1999ರಲ್ಲಿ ಕಟ್ಟಿದ ‘ಗೂಂಜ್’ ಸಂಸ್ಥೆ ಉಡಲು ಬಾರದ ಹಳೇ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್, ಹಾಸು ಮಾಡಿಸುತ್ತದೆ. ಅಲ್ಲಿಯೂ ಕೆಲಸ ನಡೆಸುವುದು ವಿಂಗಡಿಸುವ, ಕತ್ತರಿಸುವ, ಹೊಲಿಯುವ ಕೈಗಳೇ.

ನಮ್ಮ ವಯಸ್ಸಿನವರಿಗೆ ನಾನು ಹೇಳುವುದು ಇಷ್ಟೇ. ನೀವೇ ಹೊಲಿದುಕೊಂಡರೆ ಎಷ್ಟು ಗಂಟೆ ಹಿಡಿಯಿತೆಂದು ವಿಡಿಯೊದ ಕೆಳಗೆ ಬರೆಯಿರಿ. ಬೇರೆಯವರಿಂದ ಹೊಲಿಸಿದರೆ ಆ ಗಂಟೆಗಳಿಗೆ ದುಡ್ಡು ಕೊಡಿ. ಮನೆಯಲ್ಲಿ ಶುಭಕಾರ್ಯಕ್ಕೆ ಸೀರೆ ತರುವಾಗ ನಾಲ್ಕು ಪಾಲಿಯೆಸ್ಟರ್ ಬದಲು ಎರಡೇ ಹತ್ತಿ ಸೀರೆ ತನ್ನಿ ಎಂದು ಅಮ್ಮನ ಹತ್ತಿರ ಜಗಳ ಮಾಡಿ. ನಮ್ಮ ಮನೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ‘ಎರಡು ಕೊಟ್ರೆ ಉಳಿದವರು ಎಂತ ಅಂದ್ಕೊಳ್ತಾರೆ?’ ಎನ್ನುವ ಅಮ್ಮನ ಪ್ರಶ್ನೆಗೆ ನನ್ನ ಯಾವ ಪಠ್ಯಪುಸ್ತಕದಲ್ಲೂ ಉತ್ತರವಿಲ್ಲ.

ಅಜ್ಜಿಗೆ ಮಾತ್ರ ಒಂದು ಹಾಳೆಯಲ್ಲಿ ದರಪಟ್ಟಿ ಬರೆದುಕೊಟ್ಟೆ. ಒಂದು ಕೌದಿಗೆ 1,200 ರೂಪಾಯಿ, ದಾರ ಬೇರೆ. ಕೆಳಗೆ ಹೊಲಿಗೆಯ ಲೆಕ್ಕವನ್ನೂ ಬರೆದೆ. ಅವರಿಗೆ ಓದಲು ಬರುವುದಿಲ್ಲ, ಬಂದವರು ಓದಿಕೊಳ್ಳಲಿ ಎಂದು ಕ್ಯಾಲೆಂಡರ್ ಪಕ್ಕದ ಮೊಳೆಗೆ ಸಿಕ್ಕಿಸಿದ್ದಾರೆ. ಓದಿದ ಇಬ್ಬರು ‘ಆಮೇಲೆ ಬರ್ತೇವೆ’ ಎಂದು ಸೀರೆ ಗಂಟು ವಾಪಸ್ ಒಯ್ದರಂತೆ. ಮೂರನೆಯವರು ತೀರ್ಥಹಳ್ಳಿ ಕಡೆಯಿಂದ ಬಂದವರು, ಹಾಳೆ ಪೂರ್ತಿ ಓದಿ, ಮೊಮ್ಮಗುವಿಗೆ ಒಂದು ಸಣ್ಣದು, ತಮಗೆ ಒಂದು ದೊಡ್ಡದು ಹೇಳಿ ಮುಂಗಡ ಕೊಟ್ಟು ಹೋಗಿದ್ದಾರೆ. ಸಣ್ಣದಕ್ಕೆ ಎಷ್ಟು ಹೊಲಿಗೆ ಅಂತ ಲೆಕ್ಕ ಹಾಕಿ ಕೊಡು ಎಂದು ಅಜ್ಜಿ ಮೊನ್ನೆ ಅಮ್ಮನ ಫೋನ್‌ನಿಂದ ಹೇಳಿಕಳಿಸಿದರು.